ಕಸವೆಂದ ಪುಸ್ತಕಗಳನ್ನು ಓದಿದವರು: ಗೆರ್ಶೋಮ್ ಶೋಲೆಮ್

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕು, ಯಾರಾದರೂ ದೊಡ್ಡವರ ಜೀವನ ಬರೆದುಕೊಟ್ಟರೆ ಮಕ್ಕಳಿಗೂ ಉಪಯೋಗವಾಗುತ್ತದೆ ಎಂದು ಸಂಪಾದಕ ಮಂಡಳಿಯಿಂದ ಫೋನ್ ಬಂತು. ವಿಶ್ವೇಶ್ವರಯ್ಯನವರ ಬಗ್ಗೆಯೋ ಕುವೆಂಪು ಅವರ ಬಗ್ಗೆಯೋ ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮ ಗುರುಗಳಲ್ಲೇ ಇದ್ದಾರೆ. ಆದ್ದರಿಂದ ನಮ್ಮೂರಿನಲ್ಲಿ ಹೆಚ್ಚು ಜನ ಹೆಸರು ಕೇಳಿರದ, ಆದರೆ ಹೊರಗೆ ತುಂಬ ಪ್ರಸಿದ್ಧರಾದ ಒಬ್ಬರನ್ನು ಆರಿಸಿಕೊಂಡಿದ್ದೇನೆ. ಅವರೇ ಗೆರ್ಶೋಮ್ ಶೋಲೆಮ್. ಯಹೂದಿ ಜನರ ಅನುಭಾವ ಸಾಹಿತ್ಯವನ್ನು ಮೊದಲ ಬಾರಿಗೆ ಕ್ರಮಬದ್ಧವಾಗಿ ಅಧ್ಯಯನ ಮಾಡಿ, ಅದನ್ನೊಂದು ವಿಶ್ವವಿದ್ಯಾಲಯದ ಶಾಸ್ತ್ರವನ್ನಾಗಿ ನಿಲ್ಲಿಸಿದವರು.

ಸಾಫ್ಟ್‌ವೇರ್ ಕೆಲಸದವನಿಗೆ ಇವರು ಎಲ್ಲಿ ಸಿಕ್ಕರು ಎಂದು ನೀವು ಕೇಳಬಹುದು. ಹಳೆಯ ಕಂಪ್ಯೂಟರುಗಳ ಚರಿತ್ರೆ ಓದುವ ಹವ್ಯಾಸ ನನಗಿದೆ. ಇಸ್ರೇಲಿನ ರೆಹೋವೋತ್ ಎಂಬ ಊರಿನ ವೈಜ್‌ಮನ್ ವಿಜ್ಞಾನ ಸಂಸ್ಥೆಯಲ್ಲಿ 1965ರಲ್ಲಿ ಒಂದು ಹೊಸ ಕಂಪ್ಯೂಟರ್ ಉದ್ಘಾಟನೆಯಾಯಿತು. ಆ ಯಂತ್ರಕ್ಕೆ ಹೆಸರು ಸೂಚಿಸಿದವರೂ, ಆ ದಿನ ಭಾಷಣ ಮಾಡಿದವರೂ ಎಂಜಿನಿಯರ್ ಅಲ್ಲ, ಅನುಭಾವದ ಪ್ರಾಧ್ಯಾಪಕರು ಎಂದು ಓದಿ ಆಶ್ಚರ್ಯವಾಯಿತು. ಅವರ ಆತ್ಮಕಥೆ ತರಿಸಿ ಓದಿದೆ. ಅದರಲ್ಲಿ ಬರುವ ಒಂದು ಘಟನೆ ನನ್ನನ್ನು ಚುಚ್ಚಿತು. ಅದೇನೆಂದು ಮುಂದೆ ಹೇಳುತ್ತೇನೆ.

ಶೋಲೆಮ್ ಹುಟ್ಟಿದ್ದು 1897ರ ಡಿಸೆಂಬರ್ 5ರಂದು, ಜರ್ಮನಿಯ ಬರ್ಲಿನ್ ನಗರದಲ್ಲಿ. ಮನೆಯವರು ಇಟ್ಟ ಹೆಸರು ಗೆರ್ಹಾರ್ಡ್. ಗೆರ್ಶೋಮ್ ಎಂಬುದು ಅವರೇ ಮುಂದೆ ಇಟ್ಟುಕೊಂಡ ಹೀಬ್ರೂ ಹೆಸರು. ತಂದೆ ಆರ್ಥರ್ ಶೋಲೆಮ್ ಅವರಿಗೆ ಮುದ್ರಣಾಲಯವಿತ್ತು. ತಾಯಿ ಬೆಟ್ಟಿ. ನಾಲ್ವರು ಗಂಡುಮಕ್ಕಳಲ್ಲಿ ಇವರು ಕೊನೆಯವರು.

ಆ ಕಾಲದಲ್ಲಿ ಬರ್ಲಿನ್ನಿನ ಅನೇಕ ಯಹೂದಿ ಕುಟುಂಬಗಳಂತೆ ಇವರ ಮನೆಯವರೂ ತಾವು ಮೊದಲು ಜರ್ಮನರು, ಆಮೇಲೆ ಯಹೂದಿಗಳು ಎಂದುಕೊಂಡಿದ್ದರು. ಹೀಬ್ರೂ ಭಾಷೆ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಜರ್ಮನರ ಹಬ್ಬವೆಂದು ಕ್ರಿಸ್‌ಮಸ್ ಮರವನ್ನೂ ನಿಲ್ಲಿಸುತ್ತಿದ್ದರು. ಹದಿಮೂರು ಹದಿನಾಲ್ಕರ ಹುಡುಗ ಗೆರ್ಹಾರ್ಡನಿಗೆ ಯಹೂದಿಗಳು ತಮ್ಮ ಮೂಲ ನಾಡಿಗೆ ಮರಳಬೇಕೆಂಬ ಚಳವಳಿಯಲ್ಲಿ ಆಸಕ್ತಿ ಹುಟ್ಟಿತ್ತು. ಆ ಚಳವಳಿಯ ನಾಯಕ ಹರ್ಜಲ್ ಅವರ ಚಿತ್ರಕ್ಕೆ ಚೌಕಟ್ಟು ಹಾಕಿಸಿ, ಅದೇ ಕ್ರಿಸ್‌ಮಸ್ ಮರದ ಕೆಳಗೆ ತಾಯಿ ಉಡುಗೊರೆಯಾಗಿ ಇಟ್ಟಿದ್ದರಂತೆ. ತಾಯಿ ಪ್ರೀತಿಯಿಂದಲೇ ಇಟ್ಟದ್ದು. ಮಗನಿಗೆ ಮಾತ್ರ ತನ್ನ ಮನೆಯ ಎಡವಟ್ಟು ಅಲ್ಲಿ ಸ್ಪಷ್ಟವಾಗಿ ಕಂಡಿತು. ಅಲ್ಲಿಂದ ಮುಂದೆ ಆ ಹಬ್ಬದ ದಿನ ಅವರು ಮನೆಯಲ್ಲಿ ಇರುತ್ತಿರಲಿಲ್ಲ.

ಹೀಬ್ರೂ ಕಲಿಯಬೇಕೆಂಬ ಹಟ ಬಂತು. ಇಸಾಕ್ ಬ್ಲೈಖ್ರೋಡೆ ಎಂಬ ಒಬ್ಬ ರಬ್ಬಿ, ಎಂದರೆ ಯಹೂದಿ ಧರ್ಮಗುರು, ಧರ್ಮಶಾಸ್ತ್ರದ ಮಹಾಗ್ರಂಥವಾದ ತಾಲ್ಮುದನ್ನು ಅವರಿಗೆ ಕಲಿಸಿದರು. ಒಂದು ಕಾಸೂ ತೆಗೆದುಕೊಳ್ಳದೆ ಕಲಿಸಿದರು. ಶಾಲೆ ಮುಗಿದ ಮೇಲೆ, ರಜೆಯ ದಿನ ನಮ್ಮನ್ನು ಕೂರಿಸಿಕೊಂಡು ಗಣಿತ ಹೇಳಿಕೊಟ್ಟ ನಮ್ಮ ಮೇಷ್ಟ್ರುಗಳನ್ನು ನೆನೆಯುವವರಿಗೆ ಇದರ ಬೆಲೆ ಗೊತ್ತು. ಶೋಲೆಮ್ ಆ ಗುರುವನ್ನು ಕೊನೆಯವರೆಗೂ ಮರೆಯಲಿಲ್ಲ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಊರಿಗೆ ಊರೇ ಯುದ್ಧದ ಉತ್ಸಾಹದಲ್ಲಿದ್ದಾಗ ಈ ಹುಡುಗ ಯುದ್ಧವನ್ನು ವಿರೋಧಿಸುವ ಪತ್ರಕ್ಕೆ ಸಹಿ ಹಾಕಿದ. ವಿಷಯ ತಿಳಿದು 1915ರಲ್ಲಿ ಶಾಲೆಯಿಂದ ಹೊರಹಾಕಿದರು. ಬೇರೆ ದಾರಿಯಲ್ಲಿ ವಿಶ್ವವಿದ್ಯಾಲಯ ಸೇರಿ ಗಣಿತ ಮತ್ತು ತತ್ವಶಾಸ್ತ್ರ ಆರಿಸಿಕೊಂಡರು. ಮುಂದೆ ಯೇನಾ ನಗರದಲ್ಲಿ ಗಾಟ್ಲೋಬ್ ಫ್ರೇಗೆಯವರ ಪಾಠಗಳಿಗೂ ಕುಳಿತರು. ಇಂದಿನ ತರ್ಕಶಾಸ್ತ್ರಕ್ಕೆ ತಳಪಾಯ ಹಾಕಿದವರು ಫ್ರೇಗೆ. ನಾವು ಕಂಪ್ಯೂಟರ್ ಸೈನ್ಸ್ ಓದುವವರು ಅವರ ಋಣದಲ್ಲಿದ್ದೇವೆ.

ಅಣ್ಣತಮ್ಮಂದಿರು ನಾಲ್ವರೂ ನಾಲ್ಕು ದಿಕ್ಕು. ದೊಡ್ಡಣ್ಣ ರೈನ್‌ಹೋಲ್ಡ್ ಜರ್ಮನ್ ರಾಷ್ಟ್ರವಾದಿ, ಎರಡನೆಯವರಾದ ಎರಿಕ್ ಉದಾರವಾದಿ, ಮೂರನೆಯವರಾದ ವೆರ್ನರ್ ಎಡಪಂಥೀಯ, ಗೆರ್ಶೋಮ್ ಮೂಲ ನಾಡಿನ ಕನಸಿನವರು. 1917ರಲ್ಲಿ ವೆರ್ನರ್ ಸೈನಿಕನ ಸಮವಸ್ತ್ರದಲ್ಲೇ ಯುದ್ಧವಿರೋಧಿ ಮೆರವಣಿಗೆಗೆ ಹೋಗಿ ಬಂಧನಕ್ಕೊಳಗಾದರು. ಊಟದ ಹೊತ್ತಿನಲ್ಲಿ ತಂದೆ ಕೂಗಾಡಿದಾಗ ಗೆರ್ಶೋಮ್ ಅಣ್ಣನ ಪರ ಮಾತಾಡಿದರು. ಕೆಲವು ದಿನಗಳಲ್ಲೇ, ಅದೇ ಮನೆಯಲ್ಲಿದ್ದ ಮಗನಿಗೆ ತಂದೆಯಿಂದ ರಿಜಿಸ್ಟರ್ ಪತ್ರ ಬಂತು. ಮಾರ್ಚ್ 1ರ ಒಳಗೆ ಮನೆ ಬಿಡಬೇಕು, ದಾರಿ ಖರ್ಚಿಗೆ 100 ಮಾರ್ಕ್ ಕೊಡಲಾಗುವುದು ಎಂಬುದು ಅದರ ಸಾರಾಂಶ. ಮಗ ಕೈಹಾಕಿದ ವಿದ್ಯೆಯೆಲ್ಲ ಅನ್ನ ಹುಟ್ಟಿಸದ ವಿದ್ಯೆ ಎಂಬುದು ತಂದೆಯ ಹಳೆಯ ಕೊರಗಾಗಿತ್ತು. ಕೋಪ ಆಮೇಲೆ ಇಳಿಯಿತು, ರಾಜಿಯೂ ಆಯಿತು. ಆದರೆ ಶೋಲೆಮ್ ತಮ್ಮ ದಾರಿ ಬದಲಿಸಲಿಲ್ಲ.

ಆ ದಾರಿ ಯಾವುದು ಎಂದು ಈಗ ಹೇಳಬೇಕು. ಯಹೂದಿಗಳ ಅನುಭಾವ ಪರಂಪರೆಗೆ ಕಬ್ಬಾಲಾ ಎಂದು ಹೆಸರು. ಗುರುವಿನಿಂದ ಶಿಷ್ಯನಿಗೆ ಬಂದದ್ದು ಎಂದು ಆ ಪದದ ಅರ್ಥ. ಅವರ ಪ್ರಕಾರ ದೇವರ ನಿಜಸ್ವರೂಪ ಕೊನೆಯಿಲ್ಲದ್ದು, ಮಾತಿಗೆ ಸಿಕ್ಕದ್ದು. ಅದು ಹತ್ತು ಶಕ್ತಿಗಳ ಮೂಲಕ ಲೋಕಕ್ಕೆ ಇಳಿದು ಬರುತ್ತದೆ. ಹೀಬ್ರೂವಿನ 22 ಅಕ್ಷರಗಳು ಬರೀ ಬರವಣಿಗೆಯ ಗುರುತುಗಳಲ್ಲ, ಸೃಷ್ಟಿಯೇ ಅವುಗಳ ಜೋಡಣೆಯಿಂದ ಆದದ್ದು. ಇಂಥ ಚಿಂತನೆಯ ನೂರಾರು ಗ್ರಂಥಗಳು, ಸಾವಿರಾರು ಹಸ್ತಪ್ರತಿಗಳು ಯುರೋಪಿನ ಗ್ರಂಥಾಲಯಗಳಲ್ಲಿ ಧೂಳು ತಿನ್ನುತ್ತಿದ್ದವು.

ಹತ್ತೊಂಬತ್ತನೆಯ ಶತಮಾನದ ಹೆಚ್ಚಿನ ಯಹೂದಿ ವಿದ್ವಾಂಸರಿಗೆ ಇವೆಲ್ಲ ನಾಚಿಕೆಯ ವಿಷಯ. ತಮ್ಮ ಧರ್ಮ ವಿಚಾರಕ್ಕೆ ಒಪ್ಪುವ ಧರ್ಮವೆಂದು ಯುರೋಪಿಗೆ ತೋರಿಸಬೇಕಿದ್ದ ಅವರಿಗೆ ಮಂತ್ರ, ಗುಟ್ಟು, ದೇವದೂತರ ಹೆಸರುಗಳು ತುಂಬಿದ ಈ ಪುಸ್ತಕಗಳು ಮನೆಯ ಹಿತ್ತಲಲ್ಲಿ ಮುಚ್ಚಿಡಬೇಕಾದ ಸಾಮಾನಿನಂತೆ ಕಂಡವು. ಅವರ ದೊಡ್ಡ ಇತಿಹಾಸಕಾರ ಹೈನ್‌ರಿಖ್ ಗ್ರೇಟ್ಸ್ ಕಬ್ಬಾಲಾವನ್ನು ಕಟುವಾಗಿ ಜರಿದಿದ್ದರು. ಶೋಲೆಮ್ ಅವರಿಗೆ ಯಹೂದಿ ಇತಿಹಾಸದ ರುಚಿ ಹತ್ತಿಸಿದ್ದೂ ಇದೇ ಗ್ರೇಟ್ಸ್ ಅವರ ಪುಸ್ತಕಗಳು. ಇಷ್ಟು ಕೋಪದಿಂದ ಬೈಸಿಕೊಂಡದ್ದರಲ್ಲಿ ಏನೋ ಇರಬೇಕು ಎಂದು ಹುಡುಗನಿಗೆ ಅನ್ನಿಸಿತು.

1919ರಲ್ಲಿ ಅವರು ಮ್ಯೂನಿಕ್ ನಗರಕ್ಕೆ ಹೋದರು. ಅಲ್ಲಿಯ ಗ್ರಂಥಾಲಯದಲ್ಲಿ ಹೀಬ್ರೂ ಹಸ್ತಪ್ರತಿಗಳ ದೊಡ್ಡ ಸಂಗ್ರಹವಿತ್ತು. ಗಣಿತವನ್ನು ಬದಿಗಿಟ್ಟು, ಕಬ್ಬಾಲಾದ ಅತ್ಯಂತ ಹಳೆಯ ಗ್ರಂಥಗಳಲ್ಲಿ ಒಂದಾದ ಬಾಹಿರ್ ಮೇಲೆ ಸಂಶೋಧನೆ ಮಾಡಿ 1922ರಲ್ಲಿ ಡಾಕ್ಟರೇಟ್ ಪಡೆದರು.

ನನ್ನನ್ನು ಚುಚ್ಚಿದ ಘಟನೆ ನಡೆದದ್ದು ಆ ದಿನಗಳಲ್ಲೇ. ಬರ್ಲಿನ್ನಿನಲ್ಲಿ ಫಿಲಿಪ್ ಬ್ಲೋಖ್ ಎಂಬ ವಯಸ್ಸಾದ ರಬ್ಬಿ ಇದ್ದರು. ಗ್ರೇಟ್ಸ್ ಅವರ ಶಿಷ್ಯರು, ಕಬ್ಬಾಲಾ ತಿಳಿದವರೆಂದು ಹೆಸರಾದವರು. ಅವರ ಮನೆಯಲ್ಲಿ ಅಪರೂಪದ ಹಸ್ತಪ್ರತಿಗಳಿದ್ದವು. ಅದನ್ನೆಲ್ಲ ನೋಡಿದ ಯುವಕ ಶೋಲೆಮ್, ಇವೆಲ್ಲವನ್ನೂ ತಾವು ಓದಿದ್ದೀರಲ್ಲ ಎಂದು ಭಕ್ತಿಯಿಂದ ಕೇಳಿದರು. ಈ ಕಸವನ್ನು ತಾನು ಓದಲೂ ಬೇಕೇ ಎಂಬಂತೆ ಮುದುಕರು ಉತ್ತರ ಕೊಟ್ಟರು. ಹಸ್ತಪ್ರತಿಗಳ ಒಡೆಯರೇ ಅವನ್ನು ಓದಿಲ್ಲ, ಆ ಶಾಸ್ತ್ರದ ಅಧಿಕಾರಿ ಎನಿಸಿಕೊಂಡವರೇ ಅದನ್ನು ಕಸವೆನ್ನುತ್ತಾರೆ. ತಾವು ಮಾಡಬೇಕಾದ ಕೆಲಸ ಎಷ್ಟಿದೆ ಎಂದು ಶೋಲೆಮ್ ಅವರಿಗೆ ಆ ದಿನ ಅರ್ಥವಾಯಿತು.

1923ರಲ್ಲಿ ಅವರು ಜರ್ಮನಿ ಬಿಟ್ಟು ಜೆರುಸಲೇಮಿಗೆ ಹೋದರು. ಆಗ ಪ್ಯಾಲೆಸ್ತೀನ್ ಬ್ರಿಟಿಷರ ಆಡಳಿತದಲ್ಲಿತ್ತು. ಅಲ್ಲಿ ಎರಡು ಕೆಲಸಗಳು ಅವರಿಗಾಗಿ ಕಾದಿದ್ದವು. ಒಂದು ಉಪಾಧ್ಯಾಯರ ತರಬೇತಿ ಶಾಲೆಯಲ್ಲಿ ಗಣಿತ ಮೇಷ್ಟ್ರ ಕೆಲಸ. ಇನ್ನೊಂದು ರಾಷ್ಟ್ರೀಯ ಗ್ರಂಥಾಲಯದ ಹೀಬ್ರೂ ವಿಭಾಗ. ಗ್ರಂಥಾಲಯದಲ್ಲಿ ಸಂಬಳ ಕಡಿಮೆ. ಆದರೆ ಮಕ್ಕಳ ಹೋಂವರ್ಕ್ ತಿದ್ದಬೇಕಾಗಿಲ್ಲ, ತಮ್ಮ ಬರ್ಲಿನ್ ಧಾಟಿಯ ಹೀಬ್ರೂ ಕೇಳಿ ಮಕ್ಕಳು ನಗುವ ಭಯವೂ ಇಲ್ಲ, ದಿನವಿಡೀ ಪುಸ್ತಕಗಳ ನಡುವೆ ಇರಬಹುದು. ಅವರು ಗ್ರಂಥಾಲಯವನ್ನೇ ಆರಿಸಿಕೊಂಡರು. ಗ್ರಂಥಾಲಯಗಳಲ್ಲಿ ಪುಸ್ತಕಗಳಿಗೆ ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯನ್ನು ಯಹೂದಿ ಗ್ರಂಥಗಳಿಗೆ ಹೊಂದುವಂತೆ ವಿಸ್ತರಿಸಿದರು. ಆ ವರ್ಗೀಕರಣ 1927ರಲ್ಲಿ ಪ್ರಕಟವಾಗಿ ಬೇರೆ ಗ್ರಂಥಾಲಯಗಳಿಗೂ ಹೋಯಿತು. ಡೇಟಾಬೇಸ್ ಕಟ್ಟುವ ಕೆಲಸ ಮಾಡುವ ನನಗೆ ಅದು ಎಷ್ಟು ತಾಳ್ಮೆ ಬೇಡುವ ಕೆಲಸವೆಂದು ಗೊತ್ತು.

ಜೆರುಸಲೇಮಿನಲ್ಲಿ ಕಬ್ಬಾಲಾವನ್ನು ಸಾಧನೆಯಾಗಿ ಆಚರಿಸುವ ಕೆಲವರು ಆಗಲೂ ಇದ್ದರು. ಬೇತ್ ಎಲ್ ಎಂಬ ಹಳೆಯ ಮಠದಂಥ ಪಾಠಶಾಲೆಯ ಹಿರಿಯರೊಬ್ಬರ ಬಳಿ ಕಲಿಯಲು ಶೋಲೆಮ್ ಹೋದರು. ಕಲಿಸುತ್ತೇನೆ, ಆದರೆ ಪ್ರಶ್ನೆ ಕೇಳಕೂಡದು ಎಂಬ ಷರತ್ತು ಅವರದು. ಶೋಲೆಮ್ ಯೋಚಿಸಿ, ಅದು ತಮ್ಮಿಂದ ಆಗದು ಎಂದು ಹೇಳಿ ಬಂದರು. ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ಬಂದರು. ಅವರ ಇಡೀ ಜೀವನದ ನಿಲುವು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಬರ್ಲಿನ್ನಿನ ಪಂಡಿತರು ಕಸವೆಂದು ಓದಲಿಲ್ಲ. ಜೆರುಸಲೇಮಿನ ಸಾಧಕರು ಪವಿತ್ರವೆಂದು ಪ್ರಶ್ನೆಗೆ ಬಿಡಲಿಲ್ಲ. ಶೋಲೆಮ್ ಓದಿಯೂ ಓದಿದರು, ಪ್ರಶ್ನೆಯನ್ನೂ ಕೇಳಿದರು. ಅವರು ರಬ್ಬಿಯಾಗಲಿಲ್ಲ, ಕಟ್ಟುನಿಟ್ಟಿನ ಆಚಾರವಂತರೂ ಆಗಿರಲಿಲ್ಲ. ದೇವರಲ್ಲಿ ನಂಬಿಕೆ ಮಾತ್ರ ಇತ್ತು.

1925ರ ಏಪ್ರಿಲಿನಲ್ಲಿ ಜೆರುಸಲೇಮಿನಲ್ಲಿ ಹೀಬ್ರೂ ವಿಶ್ವವಿದ್ಯಾಲಯ ಉದ್ಘಾಟನೆಯಾಯಿತು. ಅಲ್ಲಿ ಶೋಲೆಮ್ ತಮ್ಮ ಮೊದಲ ಉಪನ್ಯಾಸಕ್ಕೆ ಕಬ್ಬಾಲಾದ ಅತಿ ಮುಖ್ಯ ಗ್ರಂಥವಾದ ಜೋಹರನ್ನು ಆರಿಸಿಕೊಂಡರು. ಇದು ಎರಡನೆಯ ಶತಮಾನದ ಋಷಿಸದೃಶ ರಬ್ಬಿ ಶಿಮೋನ್ ಬಾರ್ ಯೋಹಾಯ್ ಅವರದೆಂದು ಸಂಪ್ರದಾಯ ನಂಬಿತ್ತು. ಹದಿಮೂರನೆಯ ಶತಮಾನದ ಸ್ಪೇನಿನ ಮೋಶೆ ದೆ ಲಿಯೋನ್ ಎಂಬಾತ ತಾನೇ ಬರೆದು ಹಳೆಯ ಹೆಸರು ಅಂಟಿಸಿದ ಎಂದು ಗ್ರೇಟ್ಸ್ ವಾದಿಸಿದ್ದರು. ಗ್ರೇಟ್ಸ್ ಹೇಳಿದ್ದಕ್ಕೆ ಸಾಕಷ್ಟು ಆಧಾರವಿಲ್ಲ ಎಂಬ ಕಡೆಗೆ ಶೋಲೆಮ್ ವಾಲಿದರು. ಜರಿದವರ ಮಾತು ತಪ್ಪೆಂದು ತೋರಿಸುವ ಆಸೆ ಯಾರಿಗಿರುವುದಿಲ್ಲ?

ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಜೋಹರಿನ ಒಂದೊಂದು ಪದವನ್ನೂ ಹಿಡಿದು ವರ್ಷಗಟ್ಟಲೆ ಪರೀಕ್ಷಿಸಿದರು. ಅದು ಅರಾಮಿಕ್ ಎಂಬ ಪ್ರಾಚೀನ ಭಾಷೆಯಲ್ಲಿದೆ. ಆದರೆ ಆ ಅರಾಮಿಕ್ ಆಡುಮಾತಿನದಲ್ಲ, ಪುಸ್ತಕ ಓದಿ ಕಲಿತವನು ಕಟ್ಟಿದ್ದು. ವಾಕ್ಯದೊಳಗೆ ಮಧ್ಯಯುಗದ ಹೀಬ್ರೂ ಇಣುಕುತ್ತದೆ. ಕಥೆ ನಡೆಯುವುದು ಪ್ಯಾಲೆಸ್ತೀನಿನಲ್ಲಿ, ಆದರೆ ಬರೆದವನಿಗೆ ಆ ನಾಡಿನ ಊರುಕೇರಿಗಳ ಪರಿಚಯವೇ ಇಲ್ಲ. ಕೊನೆಗೆ ಅವರು ತಮ್ಮ ಮೊದಲ ಅಭಿಪ್ರಾಯವನ್ನೇ ಕೈಬಿಟ್ಟು, ಜೋಹರಿನ ಬಹುಭಾಗದ ಕರ್ತೃ ಮೋಶೆ ದೆ ಲಿಯೋನ್ ಎಂದು ಒಪ್ಪಿಕೊಂಡರು. ಕರ್ತೃವಿನ ವಿಷಯದಲ್ಲಿ ಗ್ರೇಟ್ಸ್ ಸರಿ. ಆದರೆ ಗ್ರಂಥ ಕಸವೆಂಬ ಮಾತು ಸರಿಯಲ್ಲ. ಹಳೆಯ ಹೆಸರಿನಲ್ಲಿ ಬರೆದ ಮಾತ್ರಕ್ಕೆ ಅದರ ಕಾವ್ಯಶಕ್ತಿಯೂ ಅನುಭಾವವೂ ಸುಳ್ಳಾಗುವುದಿಲ್ಲ ಎಂದು ಅವರು ತೋರಿಸಿಕೊಟ್ಟರು. ಸ್ವಂತ ತಪ್ಪನ್ನು ತಾವೇ ಹುಡುಕಿ ತಿದ್ದಿಕೊಳ್ಳುವುದು ಎಷ್ಟು ಕಷ್ಟವೆಂದು ಪ್ರೋಗ್ರಾಂ ಬರೆಯುವ ಪ್ರತಿಯೊಬ್ಬನಿಗೂ ಗೊತ್ತು.

ಅವರ ಇನ್ನೊಂದು ದೊಡ್ಡ ಕೆಲಸ ಐಸಾಕ್ ಲೂರಿಯಾ ಬಗ್ಗೆ. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನೆಲ್ಲ ಹೊರಗಟ್ಟಿತು. ತಲೆಮಾರುಗಳಿಂದ ಬಾಳಿದ ಮನೆ, ಊರು, ಗೋರಿಗಳನ್ನು ಬಿಟ್ಟು ಜನ ಚೆದುರಿದರು. ಕೆಲವರು ಗಲಿಲೀ ಬೆಟ್ಟದ ಸಫೇದ್ ಎಂಬ ಊರು ಸೇರಿದರು. ಅಲ್ಲಿ ಲೂರಿಯಾ ಒಂದೆರಡು ವರ್ಷ ಮಾತ್ರ ಬೋಧಿಸಿ, 1572ರಲ್ಲಿ 38ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಹೇಳಿದ ಸೃಷ್ಟಿಯ ಕಥೆ ಹೀಗಿದೆ. ಲೋಕಕ್ಕೆ ಜಾಗ ಮಾಡಿಕೊಡಲು ದೇವರು ಮೊದಲು ತನ್ನೊಳಗೇ ತಾನು ಕುಗ್ಗಿಕೊಂಡ. ಆಮೇಲೆ ಬೆಳಕನ್ನು ಪಾತ್ರೆಗಳಿಗೆ ಸುರಿದ. ಪಾತ್ರೆಗಳು ತಾಳಲಾರದೆ ಒಡೆದವು. ಬೆಳಕಿನ ಕಿಡಿಗಳು ಲೋಕದ ತುಂಬ ಚೆದುರಿ ಬಿದ್ದವು. ಆ ಕಿಡಿಗಳನ್ನು ಆಯ್ದು ಒಡೆದದ್ದನ್ನು ಮತ್ತೆ ಕೂಡಿಸುವುದು ಪ್ರತಿಯೊಬ್ಬ ಮನುಷ್ಯನ ಒಳ್ಳೆಯ ಕೆಲಸದಿಂದ ಆಗಬೇಕು. ಇದು ಬರೀ ದೇವರ ಕಥೆಯಲ್ಲ, ಮನೆ ಕಳೆದುಕೊಂಡು ಚೆದುರಿದ ಜನರ ದುಃಖವೂ ಇದರಲ್ಲಿದೆ ಎಂದು ಶೋಲೆಮ್ ಅರ್ಥ ಹೇಳಿದರು. ಮೋಶೆ ಇಡೆಲ್ ಅವರಂಥ ನಂತರದ ವಿದ್ವಾಂಸರು ಈ ವಿವರಣೆಯನ್ನು ಪ್ರಶ್ನಿಸಿದ್ದಾರೆ. ಆದರೆ ಪ್ರಶ್ನಿಸಲಿಕ್ಕೂ ಒಂದು ಶಾಸ್ತ್ರ ಬೇಕಿತ್ತು, ಅದನ್ನು ಕಟ್ಟಿಕೊಟ್ಟವರು ಶೋಲೆಮ್.

ಪುಸ್ತಕದ ಹುಚ್ಚು ಅವರಿಗೆ ಜೀವನಪೂರ್ತಿ ಇತ್ತು. ಜೆರುಸಲೇಮಿನ ಹಳೆಯ ಪುಸ್ತಕದಂಗಡಿಗಳಲ್ಲಿ ಯಾರಿಗೂ ಬೇಡವಾಗಿದ್ದ ಕಬ್ಬಾಲಾ ಪುಸ್ತಕಗಳನ್ನು ಹುಡುಕಿ ಹುಡುಕಿ ಕೊಂಡರು. ತಮ್ಮಲ್ಲಿ ಇಲ್ಲದ ಪುಸ್ತಕಗಳ ಪಟ್ಟಿಯನ್ನು 1937ರಲ್ಲಿ ಅಚ್ಚು ಹಾಕಿಸಿ ಹಂಚಿದರು. ಅದರಿಂದ ಅಂಗಡಿಯವರಿಗೆ ಯಾವ ಪುಸ್ತಕಕ್ಕೆ ಬೆಲೆ ಏರಿಸಬೇಕೆಂದು ತಿಳಿಯಿತು ಎಂದು ಜನ ತಮಾಷೆ ಮಾಡುತ್ತಿದ್ದರು.

ಇಷ್ಟರಲ್ಲಿ ಜರ್ಮನಿಯಲ್ಲಿ ಹಿಟ್ಲರ್ ಬಂದಿದ್ದ. ತಂದೆ 1925ರಲ್ಲೇ ತೀರಿಕೊಂಡಿದ್ದರು. ತಾಯಿಯೂ ಇಬ್ಬರು ಅಣ್ಣಂದಿರೂ ಯುದ್ಧಕ್ಕೆ ಮುಂಚೆ ಹೇಗೋ ಆಸ್ಟ್ರೇಲಿಯಾ ಸೇರಿಕೊಂಡರು. ವೆರ್ನರ್ ತಪ್ಪಿಸಿಕೊಳ್ಳಲಿಲ್ಲ. ಒಂದು ಕಾಲಕ್ಕೆ ಜರ್ಮನ್ ಸಂಸತ್ತಿನ ಸದಸ್ಯರಾಗಿದ್ದ ಅವರನ್ನು 1933ರಲ್ಲಿ ಬಂಧಿಸಿದರು. 1940ರ ಜುಲೈಯಲ್ಲಿ ಬೂಖೆನ್‌ವಾಲ್ಡ್ ಬಂದೀಖಾನೆಯಲ್ಲಿ ಕೊಂದರು. ಊಟದ ಮೇಜಿನಲ್ಲಿ ತಮ್ಮ ಪರ ಹಿಡಿದು ಮಾತಾಡಿದ್ದ ಅಣ್ಣ ಇವರೇ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಇನ್ನೊಂದು ಸಾವು. 1915ರಿಂದ ಅವರ ಪ್ರಾಣಸ್ನೇಹಿತರಾಗಿದ್ದವರು ಚಿಂತಕ ವಾಲ್ಟರ್ ಬೆನ್ಯಾಮಿನ್. ಜೆರುಸಲೇಮಿಗೆ ಬಾ ಎಂದು ಶೋಲೆಮ್ ಎಷ್ಟೋ ವರ್ಷ ಕರೆದಿದ್ದರು. ಬೆನ್ಯಾಮಿನ್ ಬರುತ್ತೇನೆಂದು ಮುಂದೂಡುತ್ತಲೇ ಇದ್ದರು. ನಾಜಿಗಳಿಂದ ತಪ್ಪಿಸಿಕೊಳ್ಳಲು ಫ್ರಾನ್ಸಿನಿಂದ ಬೆಟ್ಟ ದಾಟಿ ಸ್ಪೇನಿನ ಗಡಿಯ ಪೋರ್ಟ್‌ಬೋ ಎಂಬ ಊರಿಗೆ ಬಂದಾಗ, ಹಿಂದಕ್ಕೆ ಕಳಿಸುತ್ತಾರೆಂದು ತಿಳಿದು ಪ್ರಾಣ ಕಳೆದುಕೊಂಡರು. ಆ ಸುದ್ದಿಯನ್ನು ಶೋಲೆಮ್ ಅವರಿಗೆ ಪತ್ರ ಬರೆದು ತಿಳಿಸಿದವರು ಹನ್ನಾ ಆರೆಂಟ್. 1938ರಲ್ಲಿ ನ್ಯೂಯಾರ್ಕಿನಲ್ಲಿ ಕೊಟ್ಟ ಉಪನ್ಯಾಸಗಳು 1941ರಲ್ಲಿ ಯಹೂದಿ ಅನುಭಾವದ ಮುಖ್ಯ ಧಾರೆಗಳು ಎಂಬ ಅರ್ಥದ ಹೆಸರಿನಲ್ಲಿ ಪುಸ್ತಕವಾಗಿ ಬಂದಾಗ, ಅದನ್ನು ಗೆಳೆಯನ ನೆನಪಿಗೆ ಅರ್ಪಿಸಿದರು. ಅವರಿಗೆ ಜಗತ್ತಿನಲ್ಲೆಲ್ಲ ಹೆಸರು ತಂದ ಪುಸ್ತಕ ಅದೇ.

ಯುದ್ಧ ಮುಗಿದ ಮೇಲೆ, 1946ರಲ್ಲಿ ವಿಶ್ವವಿದ್ಯಾಲಯ ಅವರನ್ನು ಯುರೋಪಿಗೆ ಕಳಿಸಿತು. ನಾಜಿಗಳು ಯಹೂದಿ ಮನೆ, ಮಂದಿರ, ಪಾಠಶಾಲೆಗಳಿಂದ ದೋಚಿದ ಲಕ್ಷಾಂತರ ಪುಸ್ತಕಗಳು ಅಲ್ಲಲ್ಲಿ ರಾಶಿ ಬಿದ್ದಿದ್ದವು. ಜರ್ಮನಿಯ ಆಫನ್‌ಬಾಖ್ ಊರಿನಲ್ಲಿ ಅಮೆರಿಕನ್ ಸೇನೆ ಅವನ್ನು ಒಂದೆಡೆ ಕೂಡಿಹಾಕಿತ್ತು. ಆ ರಾಶಿಯೊಳಗೆ ಶೋಲೆಮ್ ಅಪರೂಪದ ಹಸ್ತಪ್ರತಿಗಳನ್ನು ಆರಿಸಿ ಪೆಟ್ಟಿಗೆಗಳಲ್ಲಿ ತೆಗೆದಿಟ್ಟರು. ಅವು ಮುಂದೆ ಜೆರುಸಲೇಮ್ ಸೇರಿದವು. ಪುಸ್ತಕಗಳ ಮೊದಲ ಪುಟದಲ್ಲಿ ಒಡೆಯರ ಹೆಸರಿತ್ತು, ಒಡೆಯರು ಇರಲಿಲ್ಲ. ಶೋಲೆಮ್ ಮನಸ್ಸು ಕುಸಿದು ಹಿಂದಿರುಗಿದರು. ಎಷ್ಟೋ ತಿಂಗಳು ಕೆಲಸಕ್ಕೆ ಕೈ ಹತ್ತಲಿಲ್ಲ.

ಆಮೇಲೆ ಚೇತರಿಸಿಕೊಂಡು ಬರೆದರು. 1665ರಲ್ಲಿ ತಾನೇ ಉದ್ಧಾರಕನೆಂದು ಘೋಷಿಸಿಕೊಂಡು, ಮರುವರ್ಷವೇ ಸುಲ್ತಾನನೆದುರು ಮತಾಂತರಗೊಂಡ ಸಬ್ಬತಾಯಿ ಜ್ವಿಯ ಮೇಲೆ ಅವರ ಬೃಹತ್ ಗ್ರಂಥ 1957ರಲ್ಲಿ ಬಂತು. ಒಂದು ಜನಾಂಗವೇ ಮೋಸಹೋದ ಕಥೆ ಅದು. ನಾಚಿಕೆಯೆಂದು ಎಲ್ಲರೂ ದಾಟಿ ಹೋಗಿದ್ದ ಅಧ್ಯಾಯ. ಅಷ್ಟು ಜನ ಏಕೆ ನಂಬಿದರು ಎಂದು ಅವರು ತಾಳ್ಮೆಯಿಂದ ಕೇಳಿದರು. 1958ರಲ್ಲಿ ಇಸ್ರೇಲ್ ಪ್ರಶಸ್ತಿ ಬಂತು. 1968ರಿಂದ 1974ರವರೆಗೆ ಇಸ್ರೇಲಿನ ವಿಜ್ಞಾನ ಮತ್ತು ಮಾನವಿಕಗಳ ಅಕಾಡೆಮಿಯ ಅಧ್ಯಕ್ಷರಾಗಿದ್ದರು.

ಈಗ ಆ ಕಂಪ್ಯೂಟರಿನ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಅವರು ಸೂಚಿಸಿದ ಹೆಸರು ಗೋಲೆಮ್. ಯಹೂದಿ ಕಥೆಗಳಲ್ಲಿ ಗೋಲೆಮ್ ಎಂದರೆ ಜ್ಞಾನಿಯೊಬ್ಬ ಅಕ್ಷರಗಳ ಶಕ್ತಿಯಿಂದ ಜೀವ ತುಂಬಿದ ಮಣ್ಣಿನ ಬೊಂಬೆ. 1609ರಲ್ಲಿ ತೀರಿಕೊಂಡ ಪ್ರಾಗ್ ನಗರದ ರಬ್ಬಿ ಲೋವ್ ಇಂಥದೊಂದನ್ನು ಮಾಡಿದ್ದರೆಂದು ಬಹಳ ಕಾಲದ ನಂತರ ಕಥೆ ಹುಟ್ಟಿತು. ಬೊಂಬೆ ಮನೆಗೆಲಸ ಮಾಡುತ್ತದೆ, ಆದರೆ ಹತೋಟಿ ತಪ್ಪಿದರೆ ಊರನ್ನೇ ಹಾಳುಮಾಡುತ್ತದೆ. ಒಂದು ಕಥೆಯಲ್ಲಿ ಅದರ ಹಣೆಯ ಮೇಲೆ ಸತ್ಯ ಎಂಬ ಅರ್ಥದ ಮೂರಕ್ಷರದ ಹೀಬ್ರೂ ಪದ ಬರೆದಿರುತ್ತದೆ. ಮೊದಲ ಅಕ್ಷರ ಅಳಿಸಿದರೆ ಉಳಿದದ್ದು ಸತ್ತ ಎಂಬ ಅರ್ಥದ ಪದ, ಬೊಂಬೆ ಕುಸಿದು ಬೀಳುತ್ತದೆ. ಹಳಬರ ಬೊಂಬೆಗೆ 22 ಅಕ್ಷರ ಬೇಕಿತ್ತು, ಹೊಸ ಯಂತ್ರಕ್ಕೆ ಸೊನ್ನೆ ಮತ್ತು ಒಂದು ಎರಡೇ ಸಾಕು ಎಂದು ಶೋಲೆಮ್ ವಿನೋದವಾಗಿ ಹೋಲಿಸಿದರು. ಯಂತ್ರವೂ ಅದನ್ನು ಮಾಡಿದವರೂ ಲೋಕವನ್ನು ಕೆಡಿಸದೆ ಬೆಳೆಯಲಿ ಎಂದು ಹಾರೈಸಿದರು. ಇದು 1965ರ ಮಾತು. ಇವತ್ತು ನಾನು ಮಾಡುವ ಕೆಲಸದ ನಡುವೆ ಆ ಹಾರೈಕೆ ಆಗಾಗ ನೆನಪಾಗುತ್ತದೆ.

ಶೋಲೆಮ್ 1982ರ ಫೆಬ್ರವರಿ 21ರಂದು ಜೆರುಸಲೇಮಿನಲ್ಲಿ ತೀರಿಕೊಂಡರು. ಅವರು ಕೂಡಿಹಾಕಿದ ಸುಮಾರು 25,000 ಪುಸ್ತಕಗಳು ಇಂದು ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಸಂಬಳ ಕಡಿಮೆಯೆಂದು ತಿಳಿದೂ ಅವರು ಕೆಲಸಕ್ಕೆ ಸೇರಿದ ಗ್ರಂಥಾಲಯ ಅದೇ. ಯಾರು ಬೇಕಾದರೂ ಹೋಗಿ ಓದಬಹುದು.

ಕೊನೆಗೆ ನನ್ನ ಮಾತು. ಎಂಜಿನಿಯರಿಂಗ್ ಎರಡನೆಯ ವರ್ಷದ ರಜೆಯಲ್ಲಿ ನಮ್ಮ ಮನೆಯ ಅಟ್ಟ ಖಾಲಿ ಮಾಡುವ ಕೆಲಸ ನನಗೆ ಬಂದಿತ್ತು. ಅಜ್ಜನ ಟ್ರಂಕಿನಲ್ಲಿ ಕೈಬರಹದ ಹತ್ತು ಹನ್ನೆರಡು ಪುಸ್ತಕಗಳಿದ್ದವು. ಭಜನೆಯ ಪದಗಳು, ತತ್ವಪದಗಳು, ನಾಟಿ ಔಷಧಿ, ಮಳೆ ನಕ್ಷತ್ರದ ಲೆಕ್ಕ ಎಂದು ಆಮೇಲೆ ಅಜ್ಜಿ ಹೇಳಿದರು. ನಾನು ಬಿಚ್ಚಿಯೂ ನೋಡದೆ ಹಳೇ ಪೇಪರಿನ ಜೊತೆ ತೂಕಕ್ಕೆ ಹಾಕಿಬಿಟ್ಟಿದ್ದೆ. ಅಜ್ಜಿ ಬೈಯಲಿಲ್ಲ. ಆ ಸಂಜೆ ಊಟ ಮಾಡಲಿಲ್ಲ, ಅಷ್ಟೇ. ಬರ್ಲಿನ್ನಿನ ಆ ಮುದುಕ ರಬ್ಬಿ ಕಸವೆಂದರೂ ಹಸ್ತಪ್ರತಿಗಳನ್ನು ಮನೆಯಲ್ಲಿ ಇಟ್ಟುಕೊಂಡಿದ್ದರು. ನಾನು ಅಷ್ಟನ್ನೂ ಮಾಡಲಿಲ್ಲ.

ನಮ್ಮೂರಿನ ಅಟ್ಟಗಳಲ್ಲಿ, ದೇವರ ಗೂಡುಗಳಲ್ಲಿ, ಭಜನಾ ಮಂಡಳಿಯವರ ಚೀಲಗಳಲ್ಲಿ ಇಂಥ ಕೈಬರಹಗಳು ಇನ್ನೂ ಇವೆ. ಸುವರ್ಣ ಮಹೋತ್ಸವದ ದಿನ ನಾನು ಒಂದು ಸ್ಕ್ಯಾನರ್ ತೆಗೆದುಕೊಂಡು ಬಂದು ಎಂಟನೇ ತರಗತಿಯ ಕೋಣೆಯಲ್ಲಿ ಕೂರುತ್ತೇನೆ. ಮನೆಯಲ್ಲಿರುವುದನ್ನು ತಂದುಕೊಡಿ. ನಿಮ್ಮೆದುರೇ ಪುಟಪುಟವನ್ನೂ ಪ್ರತಿ ಮಾಡಿ, ಮೂಲವನ್ನು ಕೈಯಲ್ಲೇ ವಾಪಸು ಕೊಡುತ್ತೇನೆ. ಒಂದು ಪ್ರತಿ ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಇರುತ್ತದೆ. ಅದರಲ್ಲಿ ಏನಿದೆ, ಅದಕ್ಕೆ ಎಷ್ಟು ಬೆಲೆ ಎಂಬುದನ್ನು ಓದುವ ಮಕ್ಕಳು ಮುಂದೆ ಹೇಳಲಿ.